ಸ್ಟಾಕ್‌ಹೋಮಿನ ನೂರು ಮೀಟರು: ಸ್ತ್ರೀಯರ ಪ್ರಥಮ ಒಲಿಂಪಿಕ್ ಈಜು ಸ್ಪರ್ಧೆ

ಕ್ರೀಡೆಗಳ ಚರಿತ್ರೆಯಲ್ಲಿ ಕೆಲವು ಸ್ಪರ್ಧೆಗಳು ಅವುಗಳಲ್ಲಿ ಕಂಡುಬಂದ ವೇಗಕ್ಕಾಗಿ ಸ್ಮರಣೀಯವಾಗಿರುತ್ತವೆ. ಮತ್ತೆ ಕೆಲವು ಸ್ಪರ್ಧೆಗಳು, ಅಷ್ಟೊಂದು ಅಡೆತಡೆಗಳ ನಡುವೆಯೂ ನಡೆದುವೆಂಬ ಕಾರಣಕ್ಕಾಗಿಯೇ ಸ್ಮರಣೀಯವಾಗಿರುತ್ತವೆ. 1912ರ ಜುಲೈ ತಿಂಗಳಲ್ಲಿ ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ ಸ್ತ್ರೀಯರಿಗಾಗಿ ಏರ್ಪಟ್ಟ ನೂರು ಮೀಟರು ಫ್ರೀಸ್ಟೈಲ್ ಈಜು ಸ್ಪರ್ಧೆಯು ಈ ಎರಡನೆಯ ವರ್ಗಕ್ಕೆ ಸೇರತಕ್ಕದ್ದು. ಒಲಿಂಪಿಕ್ ಕ್ರೀಡಾಕೂಟದಲ್ಲಿ ಸ್ತ್ರೀಯರು ನೀರಿಗಿಳಿದು ಸ್ಪರ್ಧಿಸಿದ್ದು ಅದೇ ಮೊದಲ ಸಲ. ಅದರಲ್ಲಿ ಆಸ್ಟ್ರೇಲಿಯದ ಸಿಡ್ನಿ ನಗರದ ಫ್ಯಾನಿ ಡ್ಯುರಾಕ್ 1 ನಿಮಿಷ 22.2 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನದ ಪದಕವನ್ನು ಪಡೆದರು.

ಒಂದೂಕಾಲು ನಿಮಿಷಕ್ಕಿಂತ ಸ್ವಲ್ಪವೇ ಹೆಚ್ಚಿನ ಈ ಅವಧಿಯ ಹಿಂದೆ ಹಲವು ವರ್ಷಗಳ ಸಾಧನೆಯಿತ್ತು, ಒಂದು ಸಂಸ್ಥೆಯೊಳಗಿನ ತೀವ್ರವಾದ ಚರ್ಚೆಯಿತ್ತು, ಮತ್ತು ಸಾರ್ವಜನಿಕರು ಕೂಡಿಸಿಕೊಟ್ಟ ಹಣವಿತ್ತು. ಆ ಹಿನ್ನೆಲೆಯನ್ನು ಅರಿಯದೆ ಆ ಗೆಲವಿನ ಬೆಲೆಯನ್ನು ಅರಿಯುವುದು ಸಾಧ್ಯವಿಲ್ಲ.

ಆ ಕಾಲದ ಸ್ಥಿತಿ

ಆಧುನಿಕ ಒಲಿಂಪಿಕ್ ಕ್ರೀಡಾಕೂಟವು 1896ರಲ್ಲಿ ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿ ಆರಂಭವಾಯಿತು. ಅದರ ಸ್ಥಾಪಕರಾದ ಫ್ರಾನ್ಸಿನ ಪಿಯೇರ್ ದ ಕೂಬರ್ತ್ಯಾ ಅವರು ಸ್ತ್ರೀಯರ ಸ್ಪರ್ಧೆಗಳನ್ನು ಕಡೆಯವರೆಗೂ ಮನಸಾರೆ ಒಪ್ಪಿದವರಲ್ಲ. ಮೊದಲನೆಯ ಕೂಟದಲ್ಲಿ ಒಬ್ಬ ಸ್ತ್ರೀಯೂ ಇರಲಿಲ್ಲ. 1900ರಲ್ಲಿ ಪ್ಯಾರಿಸಿನಲ್ಲಿ ಟೆನಿಸ್ ಮತ್ತು ಗಾಲ್ಫ್ ಆಟಗಳಿಗೆ ಅವರಿಗೆ ಪ್ರವೇಶ ದೊರೆಯಿತು. ಅನಂತರ ಬಿಲ್ವಿದ್ಯೆಯೂ ಹಿಮದ ಮೇಲಿನ ಸ್ಕೇಟಿಂಗೂ ಸೇರಿದುವು. ಉದ್ದನೆಯ ಉಡುಪನ್ನು ತೊಟ್ಟು, ಮೈಗೆ ಹೆಚ್ಚು ಆಯಾಸವಿಲ್ಲದೆ ಆಡಬಹುದಾದ ಆಟಗಳೆಂದು ಅಂದಿನ ಸಮಾಜವು ಇವುಗಳನ್ನು ಭಾವಿಸಿತ್ತು. ಈಜು ಅಂತಹುದಲ್ಲ. ಅದಕ್ಕೆ ತೋಳು ಕಾಲುಗಳು ಬಂಧನವಿಲ್ಲದೆ ಆಡಬೇಕು; ಉಸಿರು ಗಟ್ಟಿಯಾಗಿರಬೇಕು; ಉಡುಪು ಮೈಗೆ ಹತ್ತಿಕೊಂಡಿರಬೇಕು. ಆದುದರಿಂದಲೇ ಈಜಿನ ಬಾಗಿಲು ಸ್ತ್ರೀಯರಿಗೆ ತಡವಾಗಿ ತೆರೆಯಿತು.

ಸ್ಟಾಕ್‌ಹೋಮಿನ ಕೂಟದಲ್ಲಿ ಭಾಗವಹಿಸಿದ 2400ಕ್ಕೂ ಹೆಚ್ಚು ಸ್ಪರ್ಧಾಳುಗಳಲ್ಲಿ ಸ್ತ್ರೀಯರ ಸಂಖ್ಯೆ ಐವತ್ತನ್ನು ಮುಟ್ಟಿರಲಿಲ್ಲ. ಈಜಿನಲ್ಲಿ ಪುರುಷರಿಗೆ ಏಳು ಸ್ಪರ್ಧೆಗಳಿದ್ದರೆ ಸ್ತ್ರೀಯರಿಗೆ ಎರಡೇ: ನೂರು ಮೀಟರು ಫ್ರೀಸ್ಟೈಲ್, ಮತ್ತು ನಾಲ್ವರು ತಲಾ ನೂರು ಮೀಟರು ಈಜುವ ರಿಲೇ. ಇವಲ್ಲದೆ ಎತ್ತರದಿಂದ ನೀರಿಗೆ ಧುಮುಕುವ ಸ್ಪರ್ಧೆಯೊಂದಿತ್ತು. ನೂರು ಮೀಟರಿಗೆ ಎಂಟು ತಂಡಗಳಿಂದ 27 ಮಂದಿ ಈಜುಗಾರ್ತಿಯರು ಬಂದರು. ಅಮೆರಿಕ ಸಂಯುಕ್ತ ಸಂಸ್ಥಾನವು ಪುರುಷ ಈಜುಗಾರರ ಬಲವಾದ ತಂಡವನ್ನು ಕಳುಹಿಸಿದರೂ ಒಬ್ಬ ಈಜುಗಾರ್ತಿಯನ್ನೂ ಕಳುಹಿಸಲಿಲ್ಲ. ಸ್ತ್ರೀಯರು ಬಹಿರಂಗವಾಗಿ ಇಂತಹ ಸ್ಪರ್ಧೆಗಳಲ್ಲಿ ತೊಡಗುವುದನ್ನು ಅಲ್ಲಿನ ಕ್ರೀಡಾಧಿಕಾರಿಗಳು ಒಪ್ಪುತ್ತಿರಲಿಲ್ಲ. ಅಲ್ಲಿಯ ಈಜುಗಾರ್ತಿಯರು ಒಲಿಂಪಿಕ್ ನೀರಿಗಿಳಿಯಲು 1920ರವರೆಗೆ ಕಾಯಬೇಕಾಯಿತು.

ಸಿಡ್ನಿಯ ಕಡಲತೀರದಲ್ಲಿ

ಸಾರಾ ಫ್ರಾನ್ಸಿಸ್ ಡ್ಯುರಾಕ್ ಎಂಬುದು ಆಕೆಯ ಪೂರ್ಣ ನಾಮಧೇಯ. 1889ರ ಅಕ್ಟೋಬರ್ 27ರಂದು ಸಿಡ್ನಿಯಲ್ಲಿ ಜನನ. ತಂದೆತಾಯಿಗಳು ಐರ್ಲೆಂಡಿನಿಂದ ಬಂದು ನೆಲಸಿದವರು. ತಂದೆ ಮದ್ಯದಂಗಡಿಯನ್ನು ನಡೆಸುತ್ತಿದ್ದರು. ನಗರದ ಅಂಚಿನಲ್ಲಿರುವ ಕೂಜಿ ಎಂಬ ಕಡಲತೀರದ ಈಜುಗೊಳದಲ್ಲಿ ಆಕೆ ಈಜು ಕಲಿತರು. ಆಗ ಬಾಲಿಕೆಯರಿಗೆ ಸ್ಪರ್ಧೆಯಿದ್ದುದು ಬ್ರೆಸ್ಟ್ ಸ್ಟ್ರೋಕ್ ಎಂಬ ಒಂದೇ ಈಜಿನಲ್ಲಿ. ಎದೆಯನ್ನು ಕೆಳಗೆ ಮಾಡಿ, ಕೈಗಳೆರಡನ್ನೂ ಒಮ್ಮೆಗೇ ಮುಂದಕ್ಕೆ ಚಾಚಿ ಅಗಲಿಸಿ, ಕಪ್ಪೆಯಂತೆ ಕಾಲುಗಳನ್ನು ಮಡಿಸಿ ಒದೆಯುವ ಈ ಈಜಿನಲ್ಲಿ ಆಕೆ 1906ರಲ್ಲಿ ತಮ್ಮ ಮೊದಲನೆಯ ಪ್ರಶಸ್ತಿಯನ್ನು ಗಳಿಸಿದರು.

ಫ್ರೀಸ್ಟೈಲ್ ಎಂಬ ಪದವು ಒಂದು ಈಜಿನ ಹೆಸರಲ್ಲ. ಸ್ಪರ್ಧೆಯ ನಿಯಮದ ಹೆಸರು. ಈಜುವವರು ತಮಗೆ ಇಷ್ಟವಾದ ಕ್ರಮದಲ್ಲಿ ಈಜಬಹುದೆಂಬುದು ಅದರ ಅರ್ಥ. ಆದಕಾರಣ ಯಾವ ಕ್ರಮವು ಅತಿ ವೇಗದ್ದೆಂದು ಕಂಡುಬರುವುದೋ ಅದೇ ಕ್ರಮೇಣ ಫ್ರೀಸ್ಟೈಲಿನ ಈಜಾಗಿ ಉಳಿಯುತ್ತದೆ. ಇಂಗ್ಲೆಂಡಿನ ಜಾನ್ ಟ್ರಡ್ಜನ್ ಎಂಬುವರು 1873ರ ಸುಮಾರಿಗೆ ಬಳಕೆಗೆ ತಂದ ಈಜಿನಲ್ಲಿ ಕೈಗಳು ಒಂದಾದ ಮೇಲೊಂದು ನೀರಿನ ಮೇಲಿನಿಂದ ಬೀಸಿಬರುತ್ತಿದ್ದುವು; ಕಾಲುಗಳು ಮಾತ್ರ ಕತ್ತರಿಯಂತೆ ತೆರೆದು ಮುಚ್ಚುತ್ತಿದ್ದುವು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಸಿಡ್ನಿಯಲ್ಲಿ ಇನ್ನೊಂದು ಕ್ರಮ ರೂಪುಗೊಂಡಿತು. ಸಾಲೊಮನ್ ದ್ವೀಪಗಳಿಂದ ಬಂದ ಆಲಿಕ್ ವಿಕ್‌ಹ್ಯಾಮ್ ಎಂಬ ಬಾಲಕ ಈಜುತ್ತಿದ್ದ ರೀತಿಯೂ, ಕ್ಯಾವಿಲ್ ಎಂಬ ಈಜುಗಾರರ ಮನೆತನದ ಪ್ರಯೋಗಗಳೂ ಅದಕ್ಕೆ ಕಾರಣವಾದುವು. ಕೈಗಳ ಬೀಸಿಗೆ ಜೊತೆಯಾಗಿ ಕಾಲುಗಳು ಮೇಲೆ ಕೆಳಗೆ ಬಡಿಯುತ್ತಿರುವ ಈ ಈಜಿಗೆ ಆಸ್ಟ್ರೇಲಿಯನ್ ಕ್ರಾಲ್ ಎಂಬ ಹೆಸರು ಬಂದಿತು. ಕತ್ತರಿಯಂತೆ ಕಾಲನ್ನು ತೆರೆದಾಗ ನೀರು ಎದುರಾಗಿ ದೇಹವನ್ನು ತಡೆಯುತ್ತದೆ. ಕ್ರಾಲ್ ಈಜಿನಲ್ಲಿ ಆ ತಡೆ ಬಹಳ ಮಟ್ಟಿಗೆ ಇಲ್ಲವಾಗುತ್ತದೆ. ಅದರ ವೇಗದ ಮುಖ್ಯ ಕಾರಣಗಳಲ್ಲಿ ಇದೊಂದು.

ಡ್ಯುರಾಕ್ ಮೊದಲು ಟ್ರಡ್ಜನ್ ಈಜನ್ನು ಅಭ್ಯಾಸ ಮಾಡಿ, 1911ರ ವೇಳೆಗೆ ಕ್ರಾಲ್ ಈಜಿಗೆ ಬದಲಾಯಿಸಿಕೊಂಡರು. ಈ ಬದಲಾವಣೆಗೆ ಮುನ್ನ ಸೋಲೊಂದಿತ್ತು. 1910-11ರ ಋತುವಿನಲ್ಲಿ ಮಿನಾ ವೈಲಿ ಎಂಬ ಕಿರಿಯ ಈಜುಗಾರ್ತಿ ಆಸ್ಟ್ರೇಲಿಯದ ಚಾಂಪಿಯನ್‌ಷಿಪ್ ಸ್ಪರ್ಧೆಗಳಲ್ಲಿ ಡ್ಯುರಾಕ್ ಅವರನ್ನು ಹಿಂದೆ ಹಾಕಿದರು. ಮಿನಾ ಅವರ ತಂದೆ ಹೆನ್ರಿ ವೈಲಿ ಸ್ವತಃ ಈಜುಗಾರರು. 1907ರಲ್ಲಿ ಕೂಜಿಯ ಬಂಡೆಗಳ ನಡುವೆ ಈಜುಗೊಳವನ್ನು ಕಟ್ಟಿಸಿದವರು. ಪ್ರತಿಸ್ಪರ್ಧಿಗಳಾದ ಈ ಇಬ್ಬರು ತರುಣಿಯರು ಅಂದಿನಿಂದ ಆಪ್ತ ಗೆಳತಿಯರಾದರು. ಒಬ್ಬರ ವೇಗವನ್ನು ಮತ್ತೊಬ್ಬರು ಹೆಚ್ಚಿಸುತ್ತ ಹೋದರು.

ಹಿತಚಿಂತಕರ ನಿರ್ಬಂಧ

1912ರಲ್ಲಿ ಸ್ಟಾಕ್‌ಹೋಮಿಗೆ ಹೋಗಲು ಈ ಇಬ್ಬರಿಗೂ ಯೋಗ್ಯತೆಯಿತ್ತು, ಅನುಮತಿ ಇರಲಿಲ್ಲ. ಅವರು ಸದಸ್ಯರಾಗಿದ್ದ ನ್ಯೂ ಸೌತ್ ವೇಲ್ಸ್ ಪ್ರಾಂತದ ಮಹಿಳಾ ಹವ್ಯಾಸಿ ಈಜು ಸಂಘದ ನಿಯಮದಂತೆ, ಪುರುಷರು ಪ್ರೇಕ್ಷಕರಾಗಿರುವ ಯಾವ ಸ್ಪರ್ಧೆಯಲ್ಲೂ ಸದಸ್ಯೆಯರು ಈಜುವಂತಿರಲಿಲ್ಲ. ಮಗಳು ಈಜುವುದನ್ನು ತಂದೆ ನೋಡುವಂತಿರಲಿಲ್ಲ. ತಂಗಿಯ ಸ್ಪರ್ಧೆಗೆ ಅಣ್ಣ ಹೋಗುವಂತಿರಲಿಲ್ಲ. ಸಹಸ್ರಾರು ಪುರುಷರು ನೆರೆಯುವ ಒಲಿಂಪಿಕ್ ಕೂಟದ ಮಾತಂತೂ ದೂರವೇ ಉಳಿಯಿತು.

ಈ ನಿಯಮವನ್ನು ಕಾಪಾಡುತ್ತಿದ್ದವರು ಯಾರೆಂಬುದು ಗಮನಿಸಬೇಕಾದ ಸಂಗತಿ. ಸಂಘದ ಅಧ್ಯಕ್ಷಿಣಿಯಾಗಿದ್ದ ರೋಸ್ ಸ್ಕಾಟ್ ಅವರು ಸಂಕುಚಿತ ಮನೋಭಾವದವರಲ್ಲ. ಸ್ತ್ರೀಯರಿಗೆ ಮತದಾನದ ಹಕ್ಕು ದೊರೆಯಬೇಕೆಂದು ಹೋರಾಡಿದವರಲ್ಲಿ ಅವರು ಅಗ್ರಗಣ್ಯರು. 1902ರಲ್ಲಿ ಆ ಪ್ರಾಂತದ ಸ್ತ್ರೀಯರಿಗೆ ಆ ಹಕ್ಕು ಬಂದುದರಲ್ಲಿ ಅವರ ಪರಿಶ್ರಮದ ಪಾಲು ದೊಡ್ಡದು. ಅಂತಹವರೇ ಈಜುಗಾರ್ತಿಯರು ಪುರುಷರ ಎದುರಿಗೆ ಸ್ಪರ್ಧಿಸಕೂಡದೆಂದು ಪಟ್ಟು ಹಿಡಿದರು. ಈಜುಡುಪಿನಲ್ಲಿರುವ ತರುಣಿಯರನ್ನು ಪುರುಷರ ಗುಂಪು ನೋಡುವುದು ಸ್ತ್ರೀಯರ ಮಾನಕ್ಕೆ ಕುಂದೆಂಬುದು ಅವರ ಪ್ರಾಮಾಣಿಕವಾದ ನಂಬಿಕೆ. ದುರುದ್ದೇಶದಿಂದ ಹುಟ್ಟಿದ ನಿರ್ಬಂಧವನ್ನು ಎದುರಿಸುವುದು ಸುಲಭ. ಪ್ರೀತಿಯಿಂದಲೂ ಕಾಳಜಿಯಿಂದಲೂ ಹುಟ್ಟಿದ ನಿರ್ಬಂಧವನ್ನು ಎದುರಿಸುವುದು ಕಷ್ಟ. ಸಿಡ್ನಿಯ ಈಜುಗಾರ್ತಿಯರ ಎದುರಿಗಿದ್ದುದು ಎರಡನೆಯ ಬಗೆಯದು.

ಪತ್ರಿಕೆಗಳಲ್ಲಿ ಚರ್ಚೆ ಬೆಳೆಯಿತು. ಹೆಚ್ಚಿನ ಜನರ ಒಲವು ಈಜುಗಾರ್ತಿಯರ ಕಡೆಗಿತ್ತು. ಕೊನೆಗೆ ಸಂಘದ ಸದಸ್ಯೆಯರೇ ಮತ ಚಲಾಯಿಸಿ ಆ ನಿಯಮವನ್ನು ತೆಗೆದುಹಾಕಿದರು. ರೋಸ್ ಸ್ಕಾಟ್ ಅವರು ತಮ್ಮ ಅಭಿಪ್ರಾಯವನ್ನು ಬದಲಾಯಿಸದೆ ಅಧ್ಯಕ್ಷ ಪದವಿಗೆ ರಾಜೀನಾಮೆಯಿತ್ತರು. ಮತದಾನದ ಹಕ್ಕಿಗಾಗಿ ಹೋರಾಡಿದ ಮಹಿಳೆಯ ಮಾತನ್ನು ಮಹಿಳೆಯರ ಮತವೇ ಮೀರಿತೆಂಬುದು ಚರಿತ್ರೆಯ ವಿಚಿತ್ರ ಘಟನೆಗಳಲ್ಲೊಂದು.

ನಿಯಮ ಹೋದರೂ ಹಣದ ತೊಡಕು ಉಳಿಯಿತು. ಖರ್ಚುವೆಚ್ಚಗಳನ್ನು ತಾವೇ ನೋಡಿಕೊಳ್ಳುವುದಾದರೆ ಮಾತ್ರ ಹೋಗಬಹುದೆಂದು ಅಧಿಕಾರಿಗಳು ತಿಳಿಸಿದರು. ಆಸ್ಟ್ರೇಲಿಯದಿಂದ ಯೂರೋಪಿಗೆ ಆಗ ಇದ್ದುದು ಹಡಗಿನ ದಾರಿಯೊಂದೇ, ವಾರಗಟ್ಟಲೆಯ ಪ್ರಯಾಣ. ನಾಟಕ ಮತ್ತು ಕ್ರೀಡಾ ಪ್ರದರ್ಶನಗಳ ವ್ಯವಸ್ಥಾಪಕರಾಗಿದ್ದ ಹ್ಯೂ ಮ್ಯಾಕಿಂಟಾಷ್ ಅವರ ಪತ್ನಿ ಸಾರ್ವಜನಿಕರಲ್ಲಿ ಧನಸಹಾಯ ಕೋರಿದರು. ಕೋರಿಕೆ ಸಫಲವಾಯಿತು. ಡ್ಯುರಾಕ್ ಅವರ ಜೊತೆಗೆ ಸೋದರಿ ಮೇರಿಯೂ, ಮಿನಾ ಅವರ ಜೊತೆಗೆ ತಂದೆಯೂ ಮೇಲ್ವಿಚಾರಕರಾಗಿ ಹೊರಟರು. ಇಂಗ್ಲೆಂಡಿನಲ್ಲಿ ಕೆಲಕಾಲ ಅಭ್ಯಾಸ ನಡೆಸಿ ಎಲ್ಲರೂ ಸ್ಟಾಕ್‌ಹೋಮನ್ನು ಸೇರಿದರು. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ದೇಶಗಳು ಆ ಕೂಟದಲ್ಲಿ ಆಸ್ಟ್ರಲೇಷಿಯ ಎಂಬ ಒಂದೇ ಹೆಸರಿನಿಂದ ಭಾಗವಹಿಸಿದ್ದುವು.

ಸ್ಪರ್ಧೆ

ಸ್ಟಾಕ್‌ಹೋಮಿನಲ್ಲಿ ಈಜಿಗಾಗಿ ಪ್ರತ್ಯೇಕ ಕೊಳವನ್ನು ತೋಡಿರಲಿಲ್ಲ. ಊರಿನೊಳಕ್ಕೆ ಚಾಚಿಕೊಂಡಿರುವ ಒಂದು ಕೊಲ್ಲಿಯ ನೀರಿನಲ್ಲಿ ಮರದ ಕಟ್ಟೆಗಳನ್ನು ನಿರ್ಮಿಸಿ, ನೂರು ಮೀಟರು ಉದ್ದದ ಸ್ಪರ್ಧಾಂಗಣವನ್ನು ಸಜ್ಜುಗೊಳಿಸಿದ್ದರು. ಆದುದರಿಂದ ನೂರು ಮೀಟರಿನ ಸ್ಪರ್ಧೆಯಲ್ಲಿ ಗೋಡೆಯನ್ನು ಮುಟ್ಟಿ ಹಿಂದಿರುಗುವ ಪ್ರಸಂಗವೇ ಇಲ್ಲ. ಈ ತುದಿಯಿಂದ ಆ ತುದಿಗೆ ಒಂದೇ ಓಟ. ಐವತ್ತು ಮೀಟರಿನ ಕೊಳವೂ, ಒಬ್ಬೊಬ್ಬರಿಗೂ ಗುರುತು ಹಾಕಿದ ಪಥಗಳೂ ಒಲಿಂಪಿಕ್ ಕೂಟದಲ್ಲಿ ಬಳಕೆಗೆ ಬಂದುದು 1924ರಲ್ಲಿ. ನೀರನ್ನು ಹೀರಿ ಭಾರವಾಗುವ ಬಟ್ಟೆಯ ಉಡುಪನ್ನು ತೊಟ್ಟು, ತೆರೆದ ನೀರಿನ ತಂಪನ್ನು ಸಹಿಸಿ, ನೇರವಾದ ದಾರಿಯನ್ನು ತಾವೇ ಕಂಡುಕೊಂಡು ಈಜುಗಾರ್ತಿಯರು ಸಾಗಬೇಕಾಗಿತ್ತು.

ಸ್ಪರ್ಧೆಯ ಮುನ್ನ ಜಗತ್ತಿನ ಅತಿ ವೇಗದ ಈಜುಗಾರ್ತಿಯೆಂದು ಹೆಸರಾಗಿದ್ದವರು ಇಂಗ್ಲೆಂಡಿನ ಡೈಸಿ ಕರ್ವೆನ್. ಹಿಂದಿನ ತಿಂಗಳಷ್ಟೇ ಅವರು ನೂರು ಮೀಟರನ್ನು 1 ನಿಮಿಷ 20.6 ಸೆಕೆಂಡುಗಳಲ್ಲಿ ಈಜಿ ವಿಶ್ವದಾಖಲೆಯನ್ನು ಸ್ಥಾಪಿಸಿದ್ದರು. ಪ್ರಾಥಮಿಕ ಸುತ್ತಿನಲ್ಲಿಯೇ ಡ್ಯುರಾಕ್ 1 ನಿಮಿಷ 19.8 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಆ ದಾಖಲೆಯನ್ನು ಮುರಿದರು. ಕರ್ವೆನ್ ಅವರು ಅಂತಿಮ ಸುತ್ತಿಗೆ ಅರ್ಹತೆ ಪಡೆದರೂ ಅಪೆಂಡಿಸೈಟಿಸ್ ತೊಂದರೆಯಿಂದ ಆಸ್ಪತ್ರೆ ಸೇರಬೇಕಾಯಿತು.

ಅಂತಿಮ ಸ್ಪರ್ಧೆಯಲ್ಲಿ ಡ್ಯುರಾಕ್ ಅವರಿಗೆ ಎದುರಿಲ್ಲವಾಯಿತು. ಎರಡನೆಯವರಾಗಿ ಬಂದವರು ಬೇರಾರೂ ಅಲ್ಲ, ಗೆಳತಿ ಮಿನಾ ವೈಲಿಯವರೇ. ಅವರ ಕಾಲ 1 ನಿಮಿಷ 25.4 ಸೆಕೆಂಡು. ಇಂಗ್ಲೆಂಡಿನ ಜೆನ್ನಿ ಫ್ಲೆಚರ್ 1 ನಿಮಿಷ 27 ಸೆಕೆಂಡುಗಳಲ್ಲಿ ಮೂರನೆಯವರಾದರು. ಪ್ರಯಾಣಕ್ಕೆ ಅನುಮತಿಯೇ ಇಲ್ಲದಿದ್ದ ಇಬ್ಬರೂ ಮೊದಲೆರಡು ಸ್ಥಾನಗಳನ್ನು ಪಡೆದರು. ನಿಯಮವು ಬದಲಾಗದಿದ್ದರೆ ಈ ಸ್ಪರ್ಧೆಯು ಜಗತ್ತಿನ ಶ್ರೇಷ್ಠರಿಲ್ಲದೆಯೇ ಮುಗಿಯುತ್ತಿತ್ತು. ಅವರಿಲ್ಲವೆಂಬುದು ನೋಡಿದವರಿಗೆ ತಿಳಿಯುತ್ತಲೂ ಇರಲಿಲ್ಲ.

ಮೂರನೆಯವರಾದ ಫ್ಲೆಚರ್ ಅವರ ಕಥೆಯೂ ಉಪೇಕ್ಷಣೀಯವಲ್ಲ. ಲೆಸ್ಟರ್ ಪಟ್ಟಣದ ದೊಡ್ಡ ಕುಟುಂಬವೊಂದರಲ್ಲಿ ಹುಟ್ಟಿ, ಬಟ್ಟೆಯ ಕಾರ್ಖಾನೆಯಲ್ಲಿ ವಾರಕ್ಕೆ ಆರು ದಿನ ದುಡಿಯುತ್ತ, ದುಡಿಮೆ ಮುಗಿದ ಮೇಲೆ ಈಜಿನ ಅಭ್ಯಾಸ ಮಾಡಿದವರು ಅವರು. ರಿಲೇ ಸ್ಪರ್ಧೆಯಲ್ಲಿ ಅವರೊಡನೆ ಬೆಲ್ ಮೂರ್, ಆನಿ ಸ್ಪಿಯರ್ಸ್ ಮತ್ತು ಐರೀನ್ ಸ್ಟಿಯರ್ ಸೇರಿ 5 ನಿಮಿಷ 52.8 ಸೆಕೆಂಡುಗಳಲ್ಲಿ ಬ್ರಿಟನ್ನಿಗೆ ಚಿನ್ನದ ಪದಕವನ್ನು ಗಳಿಸಿಕೊಟ್ಟರು. ಬೆಲ್ ಮೂರ್ ಅವರಿಗೆ ಆಗ ಹದಿನೇಳು ವರ್ಷ. ಡ್ಯುರಾಕ್ ಮತ್ತು ವೈಲಿ ಇಬ್ಬರೇ ಇದ್ದುದರಿಂದ, ತಾವು ಒಬ್ಬೊಬ್ಬರೂ ಎರಡೆರಡು ಸಲ ಈಜುವುದಾಗಿ ಕೇಳಿಕೊಂಡರೂ ಅದಕ್ಕೆ ಒಪ್ಪಿಗೆ ದೊರೆಯಲಿಲ್ಲ.

ಅಂಕಿಗಳು ಹೇಳುವುದೇನು

ಡ್ಯುರಾಕ್ ಅವರ 1 ನಿಮಿಷ 22.2 ಸೆಕೆಂಡುಗಳ ಕಾಲವನ್ನು ಇತರ ಕಾಲಗಳೊಡನೆ ಹೋಲಿಸುವುದು ಬೋಧಪ್ರದವಾಗಿದೆ. 1896ರ ಪ್ರಥಮ ಒಲಿಂಪಿಕ್ ಕೂಟದಲ್ಲಿ ಪುರುಷರ ನೂರು ಮೀಟರನ್ನು ಗೆದ್ದ ಹಂಗೆರಿಯ ಆಲ್ಫ್ರೆಡ್ ಹಾಯೋಷ್ ತೆಗೆದುಕೊಂಡದ್ದೂ ಸರಿಯಾಗಿ ಇಷ್ಟೇ ಕಾಲ. ಅವರು ಈಜಿದುದು ಅಲೆಗಳೆದ್ದ ಚಳಿಗಡಲಿನಲ್ಲಿ ಎಂಬುದನ್ನು ಮರೆಯಬಾರದು. ಆದರೂ ಹದಿನಾರು ವರ್ಷಗಳೊಳಗೆ, ತರಬೇತಿಯ ಸೌಲಭ್ಯಗಳು ಅತ್ಯಲ್ಪವಾಗಿದ್ದಾಗಲೂ, ಪ್ರಥಮ ಪುರುಷ ವಿಜೇತರ ಕಾಲವನ್ನು ಪ್ರಥಮ ಮಹಿಳಾ ವಿಜೇತರು ಸರಿಗಟ್ಟಿದ್ದರು. 1912ರಲ್ಲಿಯೇ ಹವಾಯಿ ದ್ವೀಪದ ಡ್ಯೂಕ್ ಕಹನಮೋಕು ಪುರುಷರ ಸ್ಪರ್ಧೆಯನ್ನು 1 ನಿಮಿಷ 3.4 ಸೆಕೆಂಡುಗಳಲ್ಲಿ ಗೆದ್ದರು. ಡ್ಯುರಾಕ್ ಅವರಿಗಿಂತ ಅದು 18.8 ಸೆಕೆಂಡು ಮುಂದೆ. ಮುಂದೆ 1962ರಲ್ಲಿ ಸಿಡ್ನಿಯವರೇ ಆದ ಡಾನ್ ಫ್ರೇಸರ್ ನೂರು ಮೀಟರನ್ನು ಒಂದು ನಿಮಿಷದೊಳಗೆ ಈಜಿದ ಮೊದಲನೆಯ ಮಹಿಳೆಯೆನಿಸಿದರು. 1956, 1960 ಮತ್ತು 1964ರ ಮೂರು ಒಲಿಂಪಿಕ್ ಕೂಟಗಳಲ್ಲಿ ಈ ಸ್ಪರ್ಧೆಯನ್ನು ಗೆದ್ದವರೂ ಅವರೇ. 2017ರಲ್ಲಿ ಬುಡಾಪೆಸ್ಟ್ ನಗರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ವೀಡನ್ನಿನ ಸಾರಾ ಷೋಸ್ಟ್ರಮ್ ರಿಲೇ ಸ್ಪರ್ಧೆಯ ಮೊದಲ ಸರದಿಯಲ್ಲಿ ಈ ದೂರವನ್ನು 51.71 ಸೆಕೆಂಡುಗಳಲ್ಲಿ ಮುಗಿಸಿದರು. 1912ರ ಪುರುಷ ವಿಜೇತರ ಕಾಲಕ್ಕಿಂತ ಇದು ಹನ್ನೊಂದು ಸೆಕೆಂಡಿಗೂ ಹೆಚ್ಚು ಮುಂದೆ.

ಸ್ತ್ರೀಯರಿಗೆ ಇಷ್ಟೇ ಸಾಧ್ಯವೆಂದು ಒಂದು ಕಾಲದವರು ಗೆರೆ ಎಳೆದರೆ, ಆ ಗೆರೆಯು ಸಾಮಾನ್ಯವಾಗಿ ಆ ಕಾಲದ ಅವಕಾಶಗಳ ಅಳತೆಯೇ ಹೊರತು ದೇಹಶಕ್ತಿಯ ಅಳತೆಯಲ್ಲ. ಆದರೂ ಗೆರೆಗಳು ಬೇಗನೆ ಅಳಿಯುವುದಿಲ್ಲ. ಪುರುಷರ 1500 ಮೀಟರು ಫ್ರೀಸ್ಟೈಲ್ 1908ರಿಂದಲೇ ಒಲಿಂಪಿಕ್ ಸ್ಪರ್ಧೆಯಾಗಿತ್ತು. ಸ್ತ್ರೀಯರ 800 ಮೀಟರು ಸೇರಿದುದು 1968ರಲ್ಲಿ. 1500 ಮೀಟರು ಸೇರಿದುದು 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ. ಅದನ್ನು ಅಮೆರಿಕದ ಕೇಟಿ ಲೆಡೆಕಿ ಗೆದ್ದರು.

ವಿಜೇತೆಯ ಮುಂದಿನ ದಿನಗಳು

ಡ್ಯುರಾಕ್ ಮುಂದಿನ ವರ್ಷಗಳಲ್ಲಿ ಹಲವು ದೂರಗಳ ವಿಶ್ವದಾಖಲೆಗಳನ್ನು ತಮ್ಮದಾಗಿಸಿಕೊಂಡರು. ಮೊದಲನೆಯ ಮಹಾಯುದ್ಧದಿಂದಾಗಿ 1916ರ ಕೂಟ ನಡೆಯಲಿಲ್ಲ. 1920ರ ಕೂಟಕ್ಕೆ ತಂಡ ಹೊರಡುವ ಹೊತ್ತಿಗೆ ಆಕೆಗೆ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಯಾಗಿ, ಅದರ ಬೆನ್ನಿಗೇ ವಿಷಮಶೀತ ಜ್ವರವೂ ನ್ಯುಮೋನಿಯವೂ ಬಂದುವು. ಹೀಗಾಗಿ ಮತ್ತೊಂದು ಪದಕದ ಅವಕಾಶ ತಪ್ಪಿತು. 1921ರಲ್ಲಿ ಸ್ಪರ್ಧೆಗಳಿಂದ ನಿವೃತ್ತರಾಗಿ ವಿವಾಹವಾದರು. ಅನಂತರ ಮಕ್ಕಳಿಗೆ ಈಜು ಕಲಿಸುವುದರಲ್ಲಿ ತೊಡಗಿದರು. 1945ರಲ್ಲಿ ಪ್ರಾಂತದ ಮಹಿಳಾ ಈಜು ಸಂಘವು ಆಕೆಗೆ ಆಜೀವ ಸದಸ್ಯತ್ವವನ್ನಿತ್ತು ಗೌರವಿಸಿತು. 1956ರ ಮಾರ್ಚ್ 20ರಂದು, ಮೆಲ್ಬರ್ನ್ ಒಲಿಂಪಿಕ್ ಕೂಟಕ್ಕೆ ಎಂಟು ತಿಂಗಳು ಇರುವಾಗ, ಆಕೆ ತೀರಿಕೊಂಡರು. ಮಿನಾ ವೈಲಿ 1984ರವರೆಗೆ ಬದುಕಿದ್ದರು.

ಭಾರತದ ಈಜುಗಾರ್ತಿಯರು ಒಲಿಂಪಿಕ್ ಕೂಟಕ್ಕೆ ಮೊದಲು ಹೋದುದು 1952ರಲ್ಲಿ, ಹೆಲ್ಸಿಂಕಿಗೆ. ಡಾಲಿ ನಜೀರ್ ಮತ್ತು ಆರತಿ ಸಾಹಾ ಆ ಇಬ್ಬರು. ಆರತಿ ಆಗ ಇನ್ನೂ ಬಾಲಕಿ. ಮುಂದೆ 1959ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದವರೂ ಅವರೇ. 2000ದಲ್ಲಿ ಡ್ಯುರಾಕ್ ಅವರ ಹುಟ್ಟೂರಾದ ಸಿಡ್ನಿಯಲ್ಲಿಯೇ ಒಲಿಂಪಿಕ್ ಕೂಟ ಜರುಗಿದಾಗ, 200 ಮೀಟರು ಫ್ರೀಸ್ಟೈಲ್ ಸ್ಪರ್ಧೆಯಲ್ಲಿ ಭಾರತದ ಪರವಾಗಿ ಈಜಿದವರು ಬೆಂಗಳೂರಿನ ನಿಶಾ ಮಿಲ್ಲೆಟ್. 2004ರಲ್ಲಿ ಅಥೆನ್ಸಿನಲ್ಲಿ ಶಿಖಾ ಟಂಡನ್, 2024ರಲ್ಲಿ ಪ್ಯಾರಿಸಿನಲ್ಲಿ ಹದಿನಾಲ್ಕರ ಧಿನಿಧಿ ದೇಸಿಂಗು ಫ್ರೀಸ್ಟೈಲಿನಲ್ಲಿಯೇ ಸ್ಪರ್ಧಿಸಿದರು. ಇವರಿಬ್ಬರೂ ಬೆಂಗಳೂರಿನವರೇ. ಇವರಾರಿಗೂ ಪದಕ ದೊರೆಯಲಿಲ್ಲ. ಆದರೆ ಇವರು ಈಜಬಹುದೇ ಎಂಬ ಪ್ರಶ್ನೆಯನ್ನು ಆ ಕೂಟಗಳಲ್ಲಿ ಯಾರೂ ಎತ್ತಲಿಲ್ಲ. ಆ ಪ್ರಶ್ನೆಗೆ 1912ರಲ್ಲಿಯೇ ಉತ್ತರ ದೊರೆತಿತ್ತು.

ಉಪಸಂಹಾರ

ವಿದ್ಯಾರ್ಥಿಗಳನ್ನು ಬೆಳೆಸುವ ಹೊಣೆ ಹೊತ್ತವರಿಗೆ ಈ ಸ್ಪರ್ಧೆಯ ಕಥೆಯಲ್ಲಿ ಚಿಂತನೆಗೆ ಯೋಗ್ಯವಾದ ಸಂಗತಿಗಳಿವೆ. ಡ್ಯುರಾಕ್ ಅವರ ತೋಳಿನ ಬಲವು ಸಂಘದ ಮತದಾನದಿಂದ ಬಂದುದಲ್ಲ. ಅದು ಕೂಜಿಯ ಕಡಲನೀರಿನಲ್ಲಿ ವರ್ಷಗಟ್ಟಲೆ ಪಳಗಿದ ಬಲ. ಮತದಾನವು ಮಾಡಿದುದು ಆ ಬಲಕ್ಕೆ ಅಡ್ಡವಾಗಿದ್ದ ಬಾಗಿಲನ್ನು ತೆರೆದದ್ದು ಮಾತ್ರ. ಆದರೆ ಬಾಗಿಲು ತೆರೆಯದಿದ್ದರೆ ಆ ಬಲವು ಜಗತ್ತಿಗೆ ತಿಳಿಯದೆಯೇ ಉಳಿಯುತ್ತಿತ್ತು. ಮಕ್ಕಳ ಹಿತಕ್ಕಾಗಿಯೆಂದೇ ಹಿರಿಯರು ಮಾಡಿದ ನಿಯಮಗಳನ್ನೂ ಆಗಾಗ್ಗೆ ತೆರೆದ ಮನಸ್ಸಿನಿಂದ ಪರಿಶೀಲಿಸಬೇಕೆಂಬುದು ಇದರಿಂದ ವಿದಿತವಾಗುತ್ತದೆ. ರೋಸ್ ಸ್ಕಾಟ್ ಅವರಂತಹ ಧೀಮಂತರೂ ಒಂದು ವಿಷಯದಲ್ಲಿ ತಮ್ಮ ಕಾಲದ ಗಡಿಯನ್ನು ದಾಟದೆ ಹೋದರೆಂಬುದು ಯಾರಿಗೂ ಎಚ್ಚರಿಕೆಯಾಗಬಲ್ಲದು.

ಧನಸಹಾಯದ ವಿಷಯವೂ ಅಷ್ಟೇ ಮುಖ್ಯವಾದುದು. ಸಿಡ್ನಿಯ ಜನರು ಕೊಟ್ಟ ಹಣವು ಎರಡು ಹಡಗಿನ ಚೀಟಿಗಳಾಗಿ ಪರಿಣಮಿಸಿತು. ಆ ಚೀಟಿಗಳು ಎರಡು ಪದಕಗಳಾದುವು. ಆ ಪದಕಗಳು ಮುಂದಿನ ತಲೆಮಾರುಗಳ ಈಜುಗಾರ್ತಿಯರಿಗೆ ದಾರಿಯಾದುವು. ಹಣ ಕೊಟ್ಟವರಲ್ಲಿ ಹೆಚ್ಚಿನವರು ಸ್ಟಾಕ್‌ಹೋಮಿನ ಆ ಸ್ಪರ್ಧೆಯನ್ನು ಕಣ್ಣಿನಿಂದ ಕಂಡವರಲ್ಲ. ಅವರ ಹೆಸರುಗಳು ಪದಕದ ಮೇಲೂ ಇಲ್ಲ. ಆದರೂ ಆ ನೂರು ಮೀಟರು ದೂರದಲ್ಲಿ ಅವರಿಗೂ ಒಂದು ಪಾಲುಂಟು.